ಅಕ್ಕನ ಮೂಳೆಗಳ ಬಣ್ಣ

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಆರು ವರ್ಷದಲ್ಲಿ ಒಂದು ಸಲವೂ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ ಟೈಲ್ಸ್ ದಾಸ್ತಾನು ಮಾಡುವ ಒಂದು ಗೋದಾಮಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅಲ್ಲಿ ಮ್ಯಾನೇಜರ್‌ನಿಂದ ಹಿಡಿದು ಕಸ ಗುಡಿಸುವವನ ತನಕ ಎಲ್ಲರೂ ಎಲ್ಲರಿಗೂ ಬರೀ ಹೆಸರು. ಎಪ್ಪತ್ತರ ಹತ್ತಿರದ ಮನುಷ್ಯನನ್ನು ಹಾಗೆ ಕರೆಯಲು ನನ್ನ ಮೈಸೂರಿನ ನಾಲಿಗೆ ಹೊರಳಲಿಲ್ಲ, ಅಂಕಲ್ ಅಂದುಬಿಟ್ಟೆ. ಅವರು ತಲೆಯೆತ್ತಿ ನೋಡಿ, ಇಷ್ಟು ವರ್ಷಕ್ಕೆ ಈ ದೇಶದಲ್ಲಿ ಯಾರೋ ಒಬ್ಬರು ನನ್ನನ್ನು ಸರಿಯಾಗಿ ಕರೆದರು ಎಂದರು. ಅಂದಿನಿಂದ ನಾನು ಅವರಿಗೆ ಕೋರಿ. ಅವರ ಗ್ರೀಕ್ ಭಾಷೆಯಲ್ಲಿ ಹುಡುಗಿ, ಮಗಳು ಎಂದು ಅರ್ಥ.

ಕುಳ್ಳಗಿನ ಗಟ್ಟಿ ಆಳು. ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಸರಕು ಕಳಿಸುವ ಕೆಲಸ ಅವರದು, ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ವಿಳಾಸದ ಚೀಟಿ ಮುದ್ರಿಸುವುದು ನನ್ನದು. ಪೆಟ್ಟಿಗೆ ಜೋಡಿಸಿ ಲಾರಿಗೆ ಏರಿಸುವ ಪ್ರತಿಯೊಂದು ಮರದ ಪ್ಯಾಲೆಟ್ಟಿನ ಬೆನ್ನಿಗೂ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದರು. ಯಾಕೆ ಅಂಕಲ್ ಎಂದರೆ, ಹೋಗುವವರಿಗೆ ಹೋಗಿ ಬಾ ಅನ್ನಬೇಡವಾ ಎನ್ನುವರು. ಇಲ್ಲ, ಬೇಡ ಎನ್ನಬೇಕಾದಾಗ ಗದ್ದ ಮೇಲೆತ್ತಿ, ಹುಬ್ಬೇರಿಸಿ, ನಾಲಿಗೆಯಲ್ಲಿ 'ತ್ಚ್' ಎನ್ನುವರು. ಥೇಟ್ ನಮ್ಮಮ್ಮ. ಗೋದಾಮಿನ ಉಳಿದವರಿಗೆ ಅದು ಬೈಗುಳವೋ ಉತ್ತರವೋ ಎಂದು ತಿಳಿಯಲು ವರ್ಷ ಹಿಡಿಯಿತಂತೆ, ನನಗೆ ಮೊದಲ ದಿನವೇ ತಿಳಿಯಿತು.

ನಾನು ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಓದು ಮುಗಿಸಿ, ಟೂವಾಂಗಿನ ಬಾಡಿಗೆ ಮನೆ ಖಾಲಿ ಮಾಡಿ, ಗಂಡನ ಕೆಲಸದ ಬೆನ್ನು ಹಿಡಿದು ಪರ್ತ್‌ಗೆ ಬಂದವಳು. ಕೈಯಲ್ಲಿ ದೊಡ್ಡ ಪದವಿ, ಸಿಕ್ಕಿದ್ದು ಚೀಟಿ ಅಂಟಿಸುವ ಕೆಲಸ. ಅದನ್ನಾದರೂ ನೆಟ್ಟಗೆ ಮಾಡಿದೆನೇ? ಮೊದಲ ವಾರವೇ ಕಲ್ಗೂರ್ಲಿಗೆ ಹೋಗಬೇಕಾದ ನಲವತ್ತು ಪೆಟ್ಟಿಗೆಗೆ ಕರಾಥಾದ ಚೀಟಿ ಅಂಟಿಸಿ ಕಳಿಸಿಬಿಟ್ಟೆ. ಒಂದು ಊರು ಪೂರ್ವಕ್ಕೆ, ಇನ್ನೊಂದು ಎರಡು ದಿನದ ದಾರಿ ಉತ್ತರಕ್ಕೆ. ಮ್ಯಾನೇಜರ್ ಕೆಂಪಗಾಗಿ ಬಂದಾಗ ಅಂಕಲ್ ನನಗಿಂತ ಮುಂಚೆ ಬಾಯಿ ತೆಗೆದು, ಕನ್ನಡಕ ಮರೆತು ಬಂದಿದ್ದೆ, ಚೀಟಿ ನಾನೇ ಕೊಟ್ಟದ್ದು ಎಂದರು. ಮೂವತ್ತು ವರ್ಷ ಒಂದೂ ತಪ್ಪು ಮಾಡದಿದ್ದ ಮನುಷ್ಯ. ಆಮೇಲೆ ನಾನು ಅಳುತ್ತ ಕೂತಾಗ, ಲಾರಿ ತಾನೇ, ವಾಪಸ್ ಬರುತ್ತೆ ಬಿಡು ಎಂದು ತಮ್ಮ ಡಬ್ಬಿಯಿಂದ ಎರಡು ಟೊಮೆಟೊ ತೆಗೆದು ನನ್ನ ಮೇಜಿನ ಮೇಲಿಟ್ಟರು.

ಊಟದ ಹೊತ್ತಿಗೆ ಖಾಲಿ ಕ್ರೇಟೊಂದನ್ನು ಮಗುಚಿಹಾಕಿ ಕೂರುವುದು ಅವರ ಪದ್ಧತಿ. ನನ್ನ ಚಿತ್ರಾನ್ನ, ಮೊಸರನ್ನವನ್ನು ಕೇಳಿ ಹಾಕಿಸಿಕೊಳ್ಳುವರು, ತಿನ್ನುತ್ತಲೇ ತಗಾದೆ ತೆಗೆಯುವರು. ಮೊಸರಿಗೆ ಬೆಳ್ಳುಳ್ಳಿ ಹಾಕಬೇಕು, ಸಾಸಿವೆ ಅಲ್ಲ ಅಂತ. ತಿಂದಾದ ಮೇಲೆ ಊರಿನ ಮಾತು. ಅವರ ಊರು ಒಂದು ಪುಟ್ಟ ದ್ವೀಪ. ಬಂದರಿನಿಂದ ಬೆಟ್ಟದ ತುದಿಗೆ ನಡೆದು ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು, ಅಷ್ಟೇ. ಚಿಕ್ಕಂದಿನಲ್ಲೇ ತಂದೆ ತಾಯಿ ಹೋಗಿ, ಹತ್ತು ವರ್ಷ ದೊಡ್ಡವಳಾದ ಅಕ್ಕ ಸಾಕಿದಳಂತೆ. ಈಜು ಕಲಿಸಿದ್ದೂ ಅವಳೇ, ಗದ್ದದ ಕೆಳಗೆ ಒಂದು ಕೈ ಕೊಟ್ಟು. ಹತ್ತೊಂಬತ್ತಕ್ಕೆ ಆಸ್ಟ್ರೇಲಿಯದ ಹಡಗು ಹತ್ತಿಸಿದ್ದೂ ಅವಳೇ. ತಾನು ಮದುವೆಯಾಗಲಿಲ್ಲ. ಅಂಕಲ್ ಎರಡೇ ಸಲ ಹೋಗಿ ಅವಳನ್ನು ನೋಡಿಬಂದಿದ್ದರು. ಹೆಂಡತಿ ಎಂದೋ ಬಿಟ್ಟು ಹೋಗಿದ್ದಳು, ಒಬ್ಬಳೇ ಮಗಳು ಬ್ರಿಸ್ಬೇನ್‌ನಲ್ಲಿ. ಹಾಗಾಗಿ ವಾರಕ್ಕೊಮ್ಮೆ ಅಕ್ಕನ ಜೊತೆಗಿನ ಫೋನೇ ಅವರ ಸಂಸಾರ.

ಕೆಲಸದ ಹೊತ್ತಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಕೊರೊನಾ ಕಾಲ, ನಮ್ಮ ರಾಜ್ಯದ ಗಡಿಯನ್ನೇ ಮುಚ್ಚಿದ್ದರು. ಪಕ್ಕದ ಅಡಿಲೇಡ್‌ಗೆ ಹೋಗುವಂತಿರಲಿಲ್ಲ, ಇನ್ನು ಗ್ರೀಸ್ ಎಲ್ಲಿಯ ಮಾತು. ಲಾರಿ ನಿಲ್ಲುವ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಫೋನ್ ನೋಡುತ್ತಿದ್ದರು. ಹತ್ತಿರ ಹೋದೆ. ಪರದೆಯ ಮೇಲೆ ಪಾದ್ರಿ, ನಾಲ್ಕು ಜನ, ಒಂದು ಪೆಟ್ಟಿಗೆ. ಅಲ್ಲಿ ಯಾರೋ ಫೋನ್ ಹಿಡಿದು ತೋರಿಸುತ್ತಿದ್ದರು. ಅಕ್ಕನನ್ನು ಮಣ್ಣು ಮಾಡುವುದನ್ನು ಅವರು ಹಾಗೆ ನೋಡಿದರು. ನಡುವೆ ಸಿಗ್ನಲ್ ಹೋಗಿ ಚಿತ್ರ ನಿಂತಿತು. ಮತ್ತೆ ಬರುವಷ್ಟರಲ್ಲಿ ಮುಗಿದಿತ್ತು. ಅವಳು ಕರೀತಾನೇ ಇದ್ದಳು, ನಾನು ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ದೆ, ಕೋಪ ಮಾಡ್ಕೊಂಡೇ ಹೋದಳು ಎಂದು ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ತಮ್ಮ ಭಾಷೆಯಲ್ಲಿ ಇನ್ನೊಮ್ಮೆ ಹೇಳಿಕೊಂಡರು.

ಗಡಿ ತೆಗೆಯುವ ಹೊತ್ತಿಗೆ ಅವರ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಕೆಲಸ ಬಿಟ್ಟರು. ಗೋದಾಮಿನವರು ಕೇಕ್ ಕತ್ತರಿಸಿ ಒಂದು ಗಡಿಯಾರ ಕೊಟ್ಟು ಕಳಿಸಿದರು. ನಾನು ಶನಿವಾರ ಶನಿವಾರ ಅವರ ಮನೆಗೆ ಹೋಗಿ ಬರುತ್ತಿದ್ದೆ.

ನಮ್ಮ ಮದುವೆಯ ಹತ್ತನೇ ವರ್ಷಕ್ಕೆ ಎಲ್ಲಿಗಾದರೂ ಹೋಗಬೇಕೆಂದಾಗ ನನ್ನ ಗಂಡ ಬಾಲಿ ಎಂದರು. ನಾನು ಅಂಕಲ್ ಊರು ಎಂದು ಹಟ ಹಿಡಿದೆ. ಸುದ್ದಿ ಹೇಳಿದ ದಿನ ಅವರ ಸಂಭ್ರಮ ನೋಡಬೇಕಿತ್ತು. ಹಳೆಯ ಪ್ಯಾಕಿಂಗ್ ಚೀಟಿಯ ಬೆನ್ನಿನ ಮೇಲೆ ನಕ್ಷೆ ಬರೆದರು. ಎಲ್ಲಿ ತಿನ್ನಬೇಕು, ಯಾವ ಚರ್ಚಿನ ಕೀಲಿಕೈ ಯಾರ ಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ಯಾವ ಬೀಚಿಗೆ ಚಪ್ಪಲಿ ಹಾಕಿಕೊಂಡೇ ಇಳಿಯಬೇಕು, ಎಲ್ಲ. ಹೊರಡಲು ಎರಡು ವಾರ ಇದ್ದಾಗ ಫೋನ್ ಮಾಡಿ ಕರೆಸಿದರು. ಅಂದು ನಕ್ಷೆ ಇರಲಿಲ್ಲ. ಮೇಜಿನ ಮೇಲೆ ಅಂಚಿಗೆ ಕಸೂತಿ ಹಾಕಿದ ಒಂದು ಬಿಳಿ ದಿಂಬಿನ ಚೀಲ ಮಡಿಸಿಟ್ಟಿದ್ದರು. ಅಕ್ಕ ಹೊಲಿದದ್ದು.

ಅವರ ದ್ವೀಪದಲ್ಲಿ ಮಣ್ಣು ಕಡಿಮೆ, ಸ್ಮಶಾನ ಇಕ್ಕಟ್ಟು. ಹೂತ ಕೆಲವು ವರ್ಷಕ್ಕೆ ಗೋರಿ ತೆರೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೆಸರು ಬರೆದ ಪೆಟ್ಟಿಗೆಯಲ್ಲಿಟ್ಟು, ಅದಕ್ಕೆಂದೇ ಇರುವ ಕೋಣೆಯ ಕಪಾಟಿನಲ್ಲಿ ಇಡುತ್ತಾರೆ. ಮನೆಯವರು ಒಬ್ಬರಾದರೂ ಮುಂದೆ ನಿಂತು ಹೆಸರು ಹೇಳಿ ಮೂಳೆಗಳನ್ನು ಕೈಗೆ ತೆಗೆದುಕೊಳ್ಳಬೇಕು. ಯಾರೂ ಬರದಿದ್ದರೆ ಅವು ಒಂದು ಗುಂಡಿಗೆ ಹೋಗುತ್ತವೆ. ದಿಕ್ಕಿಲ್ಲದವರದೆಲ್ಲ ಅಲ್ಲಿಗೇ, ಯಾರದು ಯಾವುದು ಎಂದು ಆಮೇಲೆ ದೇವರಿಗೂ ತಿಳಿಯುವುದಿಲ್ಲ. ಅಕ್ಕನ ಸರದಿ ಬಂದಿತ್ತು. ಪಾದ್ರಿ ಎರಡು ಸಲ ಮುಂದೆ ಹಾಕಿದ್ದರು, ಇನ್ನು ಆಗದು ಎಂದಿದ್ದರು. ಇವರಿಗೆ ಡಯಾಲಿಸಿಸ್ ಬಿಟ್ಟು ವಿಮಾನ ಹತ್ತುವಂತಿಲ್ಲ, ಮಗಳು ಆಗ ಎಂಟು ತಿಂಗಳ ಬಸುರಿ. ನಾವು ಅಲ್ಲಿರುವ ಎಂಟನೇ ದಿನಕ್ಕೆ ಗೊತ್ತು ಮಾಡಿಸಿದ್ದರು.

"ನೀನು ಏನೂ ಮಾಡಬೇಕಾಗಿಲ್ಲ ಕೋರಿ. ಅಲ್ಲಿ ನಿಂತರೆ ಸಾಕು. ಹೆಸರು ಹೇಳಿ, ಈ ಬಟ್ಟೆಯಲ್ಲಿ ತೆಗೆದುಕೋ. ಆಮೇಲೆ ಬಣ್ಣ ನೋಡು. ಜೇನಿನ ಬಣ್ಣ ಇದ್ದರೆ ನೆಮ್ಮದಿಯಾಗಿದ್ದಾಳೆ, ನನ್ನ ಕ್ಷಮಿಸಿದ್ದಾಳೆ. ಕಪ್ಪಾಗಿದ್ದರೆ ಕಪ್ಪು ಅಂತಲೇ ಹೇಳು. ನನಗೆ ಸುಳ್ಳು ಹೇಳಬೇಡ."

ನಾನು ಆ ಚೀಲವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಆಯಿತು ಅಂಕಲ್, ನಾನಿದ್ದೀನಲ್ಲ ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮೊದಲ ನಾಲ್ಕು ದಿನ ಆ ದ್ವೀಪದಲ್ಲಿ ನಾವು ಕಳೆದಷ್ಟು ಸುಖದ ದಿನಗಳನ್ನು ನಮ್ಮ ದಾಂಪತ್ಯದಲ್ಲಿ ಬೇರೆ ಕಾಣೆ. ಸಸ್ಯಾಹಾರಿ ಎಂದರೆ ಅಲ್ಲಿ ಮೀನು ತಂದಿಡುತ್ತಾರೆ, ಉಪವಾಸದ ಊಟ ಕೊಡಿ ಎಂದು ಕೇಳು ಎಂದು ಅಂಕಲ್ ಹೇಳಿಕೊಟ್ಟಿದ್ದರು. ಅವರ ಉಪವಾಸ ಎಂದರೆ ಹಸಿದಿರುವುದಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು ಬಿಟ್ಟದ್ದು. ಹಾಗೆ ಕೇಳಿದ್ದೇ ತಡ, ಅಡುಗೆಯ ಹೆಂಗಸು ನನ್ನ ಕೆನ್ನೆ ಸವರಿ ಒಂದೊಂದೇ ತಂದಿಟ್ಟಳು. ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ, ನಿಂಬೆರಸ ಹಿಂಡಿದ ಬೆಟ್ಟದ ಸೊಪ್ಪು, ಮಣ್ಣಿನ ಮಡಕೆಯಲ್ಲಿ ಇಡೀ ರಾತ್ರಿ ಒಲೆಯೊಳಗೆ ಬೆಂದ ಕಾಬೂಲಿ ಕಡಲೆ. ಕಡಲೆ ಬಾಯಲ್ಲಿಟ್ಟರೆ ಬೆಣ್ಣೆ. ಹೋಟೆಲಿನ ಮುಂದೆ ಹಗ್ಗಕ್ಕೆ ಅಕ್ಟೋಪಸ್‌ಗಳನ್ನು ಒಗೆದ ಬಟ್ಟೆಯ ಹಾಗೆ ಒಣಹಾಕಿದ್ದರು. ನನ್ನ ಗಂಡ ಅದನ್ನು ಸುಡಿಸಿಕೊಂಡು ತಿಂದರು. ನಾನು ಸಮುದ್ರದ ಕಡೆ ಮುಖ ಮಾಡಿ ಕೂತಿದ್ದೆ.

ಹತ್ತು ಹೆಜ್ಜೆಗೊಂದು ಚರ್ಚು. ಕೆಲವು ನಮ್ಮ ಅಡುಗೆಮನೆಗಿಂತ ಚಿಕ್ಕವು. ಸುಣ್ಣದ ಗೋಡೆ, ನೀಲಿ ಬಾಗಿಲು, ಒಳಗೆ ತಂಪು ಮತ್ತು ಜೇನುಮೇಣದ ವಾಸನೆ. ಮರಳು ತುಂಬಿದ ತಟ್ಟೆಯಲ್ಲಿ ಮೋಂಬತ್ತಿ ಚುಚ್ಚಿ ನಿಲ್ಲಿಸುತ್ತಾರೆ. ದೇವರ ಪಟದ ಕೆಳಗೆ ಸಾಲಾಗಿ ಬೆಳ್ಳಿ ತಗಡಿನ ಕಣ್ಣು, ಕಾಲು, ಕೈ, ಒಂದು ಪುಟ್ಟ ಕೂಸು. ನಮ್ಮ ಕಡೆ ಹರಕೆಗೆ ಒಪ್ಪಿಸುತ್ತಾರಲ್ಲ, ಅದೇ. ಅದನ್ನು ನೋಡಿದ್ದೇ ನನಗೆ ಪರದೇಶ ಎನ್ನುವುದು ಮರೆತುಹೋಯಿತು. ಚಪ್ಪಲಿ ಹೊರಗೆ ಬಿಟ್ಟೆ, ಮೂರು ಸುತ್ತು ಹಾಕಿದೆ. ಅಲ್ಲಿ ಹೂ ಬದಲಿಸುತ್ತಿದ್ದ ಅಜ್ಜಿ ನೋಡಿ ನಕ್ಕಳು, ಬೈಯಲಿಲ್ಲ. ಅಂಕಲ್ ಹೇಳಿದ ಬೀಚಿನಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಪ್ರತಿ ಅಲೆ ಹಿಂದೆ ಸರಿಯುವಾಗಲೂ ಅವು ಒಂದರ ಮೇಲೊಂದು ಉರುಳಿ ಸದ್ದು ಮಾಡುತ್ತಿದ್ದವು. ಈಜು ಬಾರದ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು, ಇಲ್ಲೇ ಎಲ್ಲೋ ಒಬ್ಬ ಅಕ್ಕ ತಮ್ಮನ ಗದ್ದ ಹಿಡಿದಿದ್ದಳು ಎಂದು ಗಂಡನಿಗೆ ತೋರಿಸಿದೆ. ಆ ಸಂಜೆಯೇ ಪಾದ್ರಿಯನ್ನೂ ಕಂಡು ಬಂದೆವು. ಮುಪ್ಪಿನ ಮನುಷ್ಯ, ಇಂಗ್ಲಿಷ್ ಬಾರದು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ಜೊತೆಗೆ ಬಂದು ಮಾತು ತಿರುಗಿಸಿ ಹೇಳಿದಳು. ಎಂಟನೇ ದಿನ, ಬೆಳಿಗ್ಗೆ ಹತ್ತಕ್ಕೆ.

ಐದನೇ ದಿನ ಮೈಸೂರಿನಿಂದ ಅತ್ತೆಯ ಫೋನು. ನನ್ನ ಗಂಡನ ಚಿಕ್ಕಪ್ಪ ಹೋಗಿಬಿಟ್ಟರಂತೆ, ಎದೆನೋವು. ಅತ್ತೆ ಅಳುತ್ತಲೇ ಹೇಳಿದ್ದು, ದೂರ ಇದ್ದೀರ, ಸ್ನಾನ ಮಾಡಿಕೊಳ್ಳಿ, ಹತ್ತು ದಿನ ದೇವಸ್ಥಾನಕ್ಕೆ ಹೋಗಬೇಡಿ, ಸೂತಕ. ಅಷ್ಟೇ ಮಾತು. ಫೋನ್ ಇಟ್ಟು ಐದು ನಿಮಿಷಕ್ಕೆ ಬೆರಳು ಮಡಿಸಿ ದಿನ ಎಣಿಸಿದೆ. ಎಂಟನೇ ದಿನವೂ ಸೂತಕದೊಳಗೇ ಬರುತ್ತದೆ. ಸೂತಕ ಕಳೆಯುವುದು ನಾವು ಪರ್ತ್‌ಗೆ ವಾಪಸಾದ ಮೇಲೆ.

ನನ್ನ ಗಂಡ ನಕ್ಕರು. ನಕ್ಕಿದ್ದು ತಪ್ಪಲ್ಲ.

"ಪರ್ತಲ್ಲಿ ನಿಂಗೆ ಸೂತಕ ಎಲ್ಲಿ ನೆನಪಿರುತ್ತೆ? ದೊಡ್ಡಮ್ಮ ಹೋದ ಮಾರನೇ ದಿನಾನೇ ಬಾರ್ಬೆಕ್ಯೂ ಪಾರ್ಟಿಗೆ ಹೋಗಿದ್ವಲ್ಲ."

"ಅದು ನಮ್ಮ ಮನೆ ವಿಷ್ಯ ಕಣ್ರೀ. ಇದು ಇನ್ನೊಬ್ಬರ ಸತ್ತವರ ವಿಷ್ಯ. ಮೈಲಿಗೇಲಿ ಹೋಗಿ ಮುಟ್ಟಿ, ಅವರಿಗೆ ಏನಾದ್ರೂ ಕೆಟ್ಟದಾದ್ರೆ?"

"ಸರಿ, ನೀನು ಬೇಡ. ನಾನು ಹೋಗಿ ನಿಲ್ತೀನಿ. ಐದು ನಿಮಿಷದ ಕೆಲ್ಸ."

"ಸತ್ತಿರೋದು ನಿಮ್ಮ ಚಿಕ್ಕಪ್ಪ. ನಿಮಗೆ ನನಗಿಂತ ಜಾಸ್ತಿ."

ಅವರು ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು. ನನ್ನ ಹಟ ಅವರಿಗೆ ಗೊತ್ತು. ಆದರೆ ಇಲ್ಲಿ ನಿಜ ಹೇಳಿಬಿಡಬೇಕು, ಬರೆಯಲು ಕೂತದ್ದೇ ಅದಕ್ಕೆ. ಸೂತಕದ ಹಿಂದೆ ಹೆದರಿಕೆಯೂ ಅಡಗಿತ್ತು. ನಮ್ಮ ಮನೆಯ ಹೆಂಗಸರು ಸ್ಮಶಾನಕ್ಕೆ ಹೋಗುವವರಲ್ಲ. ನಮ್ಮಪ್ಪನನ್ನೇ ನಾನು ಗೇಟಿನ ತನಕ ಕಳಿಸಿ ನಿಂತವಳು. ತಲೆಬುರುಡೆಯನ್ನು ಕೈಗೆ ಕೊಡುತ್ತಾರೆ ಎನ್ನುವುದು ನೆನಪಾದಾಗಲೆಲ್ಲ ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದೆ. ಪರ್ತ್‌ನಲ್ಲಿ ಹೂಂ ಎಂದದ್ದು ಸುಲಭ. ಅತ್ತೆಯ ಫೋನು ಬಂದಾಗ, ಚಿಕ್ಕಪ್ಪನ ದುಃಖದ ಅಡಿಯಲ್ಲೇ, ಬಿಡುಗಡೆ ಸಿಕ್ಕಿತು ಎಂದು ನನ್ನೊಳಗೆ ಯಾವುದೋ ಒಂದು ಕಳ್ಳಿ ಉಸಿರು ಬಿಟ್ಟಳು. ಆಮೇಲೆ ಅದಕ್ಕೆ ಮಡಿಯ ಹೆಸರಿಟ್ಟೆ.

ಹೇಗೂ ಪಾದ್ರಿ ಇದ್ದಾರಲ್ಲ ಎಂದುಕೊಂಡೆ. ನಮ್ಮಲ್ಲಿ ಪುರೋಹಿತರಿಗೆ ಸಾಮಾನು ಒಪ್ಪಿಸಿ ಹೆಸರು, ಗೋತ್ರ ಬರೆದುಕೊಟ್ಟರೆ ಮುಗಿಯಿತು, ನೀವು ದುಬೈನಲ್ಲಿದ್ದರೂ ಅವರು ಮಾಡಿ ಮುಗಿಸುತ್ತಾರೆ. ಇಲ್ಲೂ ಹಾಗೇ ಇದ್ದೀತು ಎಂದು ನಾನೇ ತೀರ್ಮಾನಿಸಿದೆ. ಯಜಮಾನಿಯನ್ನು ಕೇಳಬಹುದಿತ್ತು. ಅವಳು ಮಗಳ ಹೆರಿಗೆಗೆಂದು ಅಥೆನ್ಸಿಗೆ ಹೋಗಿದ್ದಳು, ವಾಪಸ್ ಬರುವುದು ಎಂಟನೇ ದಿನ ಮಧ್ಯಾಹ್ನ. ಅಂಕಲ್‌ಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವರು ಬೇಡಿಕೊಂಡರೆ ಇಲ್ಲ ಎನ್ನಲಾರೆ ಎಂದು ಗೊತ್ತಿತ್ತು.

ಎಂಟನೇ ದಿನ ಒಂಬತ್ತೂವರೆಗೆ ದಿಂಬಿನ ಚೀಲ, ಒಂದು ಬಾಟಲಿ ವೈನು, ಅಕ್ಕನ ಹೆಸರನ್ನು ಅಂಕಲ್ ತಾವೇ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಕಾಗದ, ಮೂರನ್ನೂ ಒಂದು ಬಟ್ಟೆಯ ಬ್ಯಾಗಿಗೆ ಹಾಕಿ ಸ್ಮಶಾನದ ಗೇಟಿನ ಕಂಬಿಗೆ ನೇತುಹಾಕಿದೆ. ಹೊಸಿಲು ದಾಟಲಿಲ್ಲ. ಹೊರಗಿನಿಂದಲೇ ಕೈಮುಗಿದೆ. ಪಾದ್ರಿ ಬಂದವರೇ ನೋಡುತ್ತಾರೆ, ಅರ್ಥವಾಗುತ್ತದೆ ಎಂದುಕೊಂಡೆ. ಆಮೇಲೆ ನಾವು ಬೀಚಿಗೆ ಹೋದೆವು. ಹತ್ತಕ್ಕೆ ಮೇಲಿನಿಂದ ಗಂಟೆ ಕೇಳಿಸಿತು. ನಾನು ಒಂದು ಸೋಡಾ ಕುಡಿಯುತ್ತಿದ್ದೆ.

ಸಂಜೆ ಸ್ಮಶಾನದ ಕಡೆಯ ದಾರಿಯಲ್ಲಿ ಬಂದಾಗ ಬ್ಯಾಗು ಅಲ್ಲೇ ನೇತಾಡುತ್ತಿತ್ತು. ಬಾಟಲಿಯ ಬಿರಡೆ ತೆಗೆದಿರಲಿಲ್ಲ. ಸೂತಕ, ಮಡಿ, ಹೆದರಿಕೆ ಎಲ್ಲ ಎಲ್ಲಿ ಹೋದವೋ, ಗೇಟು ತಳ್ಳಿ ಒಳಗೆ ಓಡಿದೆ. ನಕ್ಷೆಯಲ್ಲಿ ಅಂಕಲ್ ಗುರುತು ಹಾಕಿದ್ದ ಸೈಪ್ರೆಸ್ ಮರದ ಕೆಳಗೆ ಹಸಿ ಮಣ್ಣಿನ ಗೋರಿ, ಮೇಲೆ ತಾಜಾ ಹೂಗಳು, ಬೇರೆ ಯಾರದೋ ಹೆಸರು. ಯಜಮಾನಿ ಅಷ್ಟರಲ್ಲಿ ಅಥೆನ್ಸಿನಿಂದ ಬಂದಿದ್ದಳು. ಅವಳನ್ನು ಕೈಹಿಡಿದು ಎಳೆದುಕೊಂಡು ಪಾದ್ರಿಯ ಮನೆಗೆ ಹೋದೆವು. ಮುದುಕ ಅಂಗಳಕ್ಕೆ ಬಂದು ನನ್ನನ್ನು ನೋಡಿದ ನೋಟ ಸಾಯುವ ತನಕ ಮರೆಯಲಾರೆ. ಹನ್ನೊಂದರ ತನಕ ಕಾದರಂತೆ. ಹಿಂದಿನ ದಿನ ಊರಿನ ಮೀನುಗಾರನೊಬ್ಬ ಸತ್ತಿದ್ದ, ಅವನ ಮನೆಯವರು ಹೆಣ ಹೊತ್ತು ಗೇಟಿನಲ್ಲಿ ನಿಂತಿದ್ದರು, ಜಾಗ ಬೇಕಿತ್ತು. ಗೇಟಿನಲ್ಲಿದ್ದ ಬ್ಯಾಗನ್ನು ಯಾರೋ ಮರೆತು ಹೋದದ್ದು ಎಂದುಕೊಂಡರಂತೆ. ನಿಲ್ಲುವವರಿಲ್ಲ ಎಂದು ಗುಂಡಿಗೆ ಇಳಿಸಿದೆವು ಎಂದರು. ನಾನು ಅವರ ಕಾಲು ಹಿಡಿದುಕೊಂಡೆ. ತೆಗೆದು ಕೊಡಿ, ನಾನೇ ಇಳಿದು ಹುಡುಕುತ್ತೇನೆ ಎಂದೆ. ಯಜಮಾನಿ ಅದನ್ನು ತಿರುಗಿಸಿ ಹೇಳಲೇ ಇಲ್ಲ. ನನ್ನ ಭುಜ ಹಿಡಿದು ಎಬ್ಬಿಸಿ, ಅಲ್ಲಿ ನೂರು ವರ್ಷದ ಮೂಳೆ ಇವೆ ಎಂದಳು.

ಮಾರನೇ ದಿನ ಹಡಗು ಹತ್ತುವ ಮುಂಚೆ ಆ ಗುಂಡಿಯ ಹತ್ತಿರ ಹೋಗಿ ನಿಂತೆ. ಸಿಮೆಂಟಿನ ಕಟ್ಟೆ, ಮೇಲೊಂದು ಕಬ್ಬಿಣದ ಮುಚ್ಚಳ, ನಮ್ಮ ಕಡೆ ನೀರಿನ ಸಂಪಿಗೆ ಇರುತ್ತದಲ್ಲ, ಅಂಥದು. ವೈನನ್ನು ಮುಚ್ಚಳದ ಸಂದಿಯಿಂದ ಒಳಗೆ ಸುರಿದೆ. ಅಕ್ಕನ ಹೆಸರನ್ನು ಜೋರಾಗಿ ಮೂರು ಸಲ ಹೇಳಿದೆ. ನನ್ನ ಗಂಡ ದೂರದಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದರು.

ಪರ್ತ್‌ನಲ್ಲಿ ಇಳಿದ ಮಾರನೇ ದಿನವೇ ಅಂಕಲ್ ಫೋನು. ಡಯಾಲಿಸಿಸ್ ಇದೆ, ಅಲ್ಲಿಗೇ ಬಾ ಎಂದರು. ಕಾರಿನಲ್ಲಿ ಹೋಗುವಾಗ ನಿಜ ಹೇಳುವುದನ್ನು ಇಂಗ್ಲಿಷಿನಲ್ಲಿ ವಾಕ್ಯ ವಾಕ್ಯ ಜೋಡಿಸಿಕೊಂಡಿದ್ದೆ. ಒರಗುಕುರ್ಚಿಯಲ್ಲಿ ತೋಳಿಗೆ ಎರಡು ನಳಿಗೆ ಚುಚ್ಚಿಸಿಕೊಂಡು ಮಲಗಿದ್ದರು, ಕ್ಷೌರ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿದ್ದರು. ನಾನು ಬರುತ್ತೇನೆಂದು. ಹೇಗಿತ್ತು ಊರು ಎಂದು ಕೇಳಲಿಲ್ಲ, ಕಡಲೆ ತಿಂದೆಯಾ ಎಂದು ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ಯಾವ ಬಣ್ಣ?"

ಜೇನಿನ ಬಣ್ಣ ಅಂಕಲ್ ಎಂದೆ. ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಅವರು ಕಣ್ಣು ಮುಚ್ಚಿದರು. ಖಾಲಿ ಇದ್ದ ಕೈಯಿಂದ ನನ್ನ ಕೈಯನ್ನು ಎರಡು ಸಲ ತಟ್ಟಿದರು. ಯಂತ್ರದ ಪರದೆಯಲ್ಲಿ ಏನೋ ಏರಿ ನರ್ಸ್ ಓಡಿ ಬಂದಳು. ಏನಾಯಿತು, ನೋವಾ ಎಂದಳು. ಅಳುತ್ತಿದ್ದರಲ್ಲ. ಅವರು ಗದ್ದ ಎತ್ತಿ ತ್ಚ್ ಎಂದರು.

ಪಾದ್ರಿಗೆ ಫೋನ್ ಮಾಡುತ್ತಾರೆ, ಸಿಕ್ಕಿಬೀಳುತ್ತೇನೆ ಎಂದು ದಿನಾ ಕಾದೆ. ಅವರು ಮಾಡಲೇ ಇಲ್ಲ. ನನ್ನ ಮಾತು ಅವರಿಗೆ ಸಾಕಾಗಿತ್ತು. ಮುಂದಿನ ಭಾನುವಾರ ಗೋಧಿ ಬೇಯಿಸಿ, ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಪುಡಿ ಹರಡಿ ತಮ್ಮ ಚರ್ಚಿಗೆ ಒಯ್ದರು. ಹೋದವರ ಹೆಸರಿನಲ್ಲಿ ಅವರು ಹಂಚುವ ಪದಾರ್ಥ ಅದು. ಉಳಿದದ್ದನ್ನು ಪೊಟ್ಟಣ ಕಟ್ಟಿ ಗೋದಾಮಿಗೂ ತಂದು ಒಬ್ಬೊಬ್ಬರ ಕೈಗೂ ಕೊಟ್ಟರು, ನಮ್ಮಕ್ಕ ನೆಮ್ಮದಿಯಾಗಿದ್ದಾಳೆ, ತಿನ್ನಿ ಎಂದು. ನನಗೆ ಎರಡು ಪೊಟ್ಟಣ. ನುಂಗಲಾರದೆ ನುಂಗಿದೆ. ಹೇಳಬೇಕು, ಇವತ್ತು ಹೇಳಬೇಕು ಎಂದು ಪ್ರತಿ ಶನಿವಾರ ಹೋಗುವುದು, ಅವರ ಮುಖ ನೋಡಿ ವಾಪಸ್ ಬರುವುದು. ಎಷ್ಟೋ ವರ್ಷದ ಮೇಲೆ ನಿದ್ದೆ ಬರುತ್ತಿದೆ ಎನ್ನುತ್ತಿದ್ದ ಮನುಷ್ಯನಿಗೆ ಏನೆಂದು ಹೇಳಲಿ? ಹಾಗೆಂದು ಅವರ ಮೇಲೆ ಹಾಕುವುದೂ ಸುಳ್ಳೇ. ನನ್ನನ್ನು ಕಂಡರೆ ಅರಳುತ್ತಿದ್ದ ಆ ಮುಖವನ್ನು ಕಳೆದುಕೊಳ್ಳಲು ನನಗೆ ಧೈರ್ಯ ಇರಲಿಲ್ಲ.

ಒಂದು ಶನಿವಾರ ಸುಮ್ಮನೆ ಮಾತಿಗೆಂಬಂತೆ ಕೇಳಿದರು, ನಿಮ್ಮವರು ಸುಡುತ್ತೀರಲ್ಲ, ಉಳಿಯುವುದೆಷ್ಟು? ಒಂದು ಪುಟ್ಟ ಮಡಕೆಯಷ್ಟು ಎಂದೆ. ನಮ್ಮಪ್ಪನ ಅಸ್ಥಿಯನ್ನು ನನ್ನ ತಮ್ಮ ಕೆಂಪು ಬಟ್ಟೆ ಕಟ್ಟಿದ ಮಡಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಟ್ಟದ್ದು ಹೇಳಿದೆ. ವಿಮಾನದಲ್ಲಿ ಒಯ್ಯಬಹುದಾ ಎಂದರು. ಕಾಗದಪತ್ರ ಇದ್ದರೆ ಒಯ್ಯಬಹುದು, ಇಲ್ಲಿಂದ ಎಷ್ಟೋ ಜನ ಒಯ್ಯುತ್ತಾರೆ ಎಂದೆ. ತಲೆಯಾಡಿಸಿ ಚಹಾ ಕುಡಿದರು. ಅವರ ಚರ್ಚು ಸುಡುವುದನ್ನು ಒಪ್ಪುವುದಿಲ್ಲ, ಸುಡಿಸಿಕೊಂಡವರಿಗೆ ಪಾದ್ರಿ ಪ್ರಾರ್ಥನೆಗೆ ಬರುವುದಿಲ್ಲ ಎನ್ನುವುದು ನನಗೆ ಆಗ ತಿಳಿದಿರಲಿಲ್ಲ.

ಮರುವರ್ಷ ಗಂಡನಿಗೆ ಅಡಿಲೇಡ್‌ನಲ್ಲಿ ಕೆಲಸವಾಯಿತು. ಹೊರಟು ಬಂದೆವು. ವಿದಾಯ ಹೇಳಲು ಹೋದಾಗಲೂ ಹೇಳಲಿಲ್ಲ. ಆಮೇಲೆ ಫೋನುಗಳು ವಾರಕ್ಕೊಂದಿದ್ದದ್ದು ತಿಂಗಳಿಗೊಂದಾದವು, ಆ ದೂರ ನನಗೆ ಹಿತವಾಗಿಯೇ ಇತ್ತು.

ಮೊನ್ನೆ ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಕಾರಿಗೆ ಹಾಕಿಸಿ ಮುಗಿಸುವಾಗ ಗೊತ್ತಿಲ್ಲದ ನಂಬರಿನಿಂದ ಕರೆ. ಬ್ರಿಸ್ಬೇನ್‌ನಿಂದ ಅಂಕಲ್ ಮಗಳು. ಅಪ್ಪ ಹೋಗಿ ಎರಡು ತಿಂಗಳಾಯಿತು, ನಿಮ್ಮ ನಂಬರ್ ಹುಡುಕುವುದು ತಡವಾಯಿತು ಎಂದಳು. ಪೂರ್ತಿ ಆಸ್ಟ್ರೇಲಿಯದ ಇಂಗ್ಲಿಷು, ಆದರೆ ಉಸಿರೆಳೆದುಕೊಳ್ಳುವುದು ಅಪ್ಪನ ಹಾಗೇ. ಬಂಕಿನ ಗೋಡೆಗೆ ಒರಗಿ ನಿಂತೆ. ಸುಡಬೇಕೆಂದು ಬರೆದಿಟ್ಟಿದ್ದರಂತೆ. ಪಾದ್ರಿ ಬರಲಿಲ್ಲ. ನಲವತ್ತು ವರ್ಷ ಭಾನುವಾರ ತಪ್ಪದೆ ಜೊತೆಗೆ ಚರ್ಚಿಗೆ ಹೋಗುತ್ತಿದ್ದ ಗೆಳೆಯರು ಒಳಗೆ ಬಾರದೆ ಕಾರ್ ಪಾರ್ಕಿನಲ್ಲೇ ನಿಂತಿದ್ದರಂತೆ. ಯಾಕಪ್ಪ ಹೀಗೆ ಎಂದು ಇವಳು ಮೊದಲೇ ಜಗಳವಾಡಿದ್ದಳು. ಅಂಕಲ್ ಹೇಳಿದ್ದು ಒಂದೇ: ಹೂತರೆ ಒಬ್ಬನೇ ಇಲ್ಲಿ ಬಿದ್ದಿರುತ್ತೇನೆ, ಬೂದಿಯಾದರೆ ಅಕ್ಕನ ಪೆಟ್ಟಿಗೆಯಲ್ಲಿ ಹಿಡಿಸುತ್ತೇನೆ.

ಜುಲೈನಲ್ಲಿ ಮಗುವನ್ನೂ ಕರೆದುಕೊಂಡು ದ್ವೀಪಕ್ಕೆ ಹೊರಟಿದ್ದಾಳೆ. ಪೆಟ್ಟಿಗೆ ಯಾವ ಕಪಾಟಿನಲ್ಲಿದೆ, ಎಷ್ಟನೇ ಸಾಲು ಎಂದು ನಿಮ್ಮನ್ನು ಕೇಳಲು ಅಪ್ಪ ಹೇಳಿದ್ದರು ಎಂದಳು.

ಹೇಳಿದೆ. ಗೇಟು, ಬ್ಯಾಗು, ಬೀಚು, ಗಂಟೆ, ಗುಂಡಿ, ಜೇನಿನ ಬಣ್ಣ, ಎಲ್ಲ. ಇಷ್ಟು ವರ್ಷ ಬಾರದ ವಾಕ್ಯಗಳು ತಾವಾಗಿ ಬಂದವು. ಅವಳ ಹಿಂದೆ ಮಗು ಏನೋ ಬೇಕೆಂದು ಹಟ ಮಾಡುತ್ತಿತ್ತು.

"ಹಾಗಾದ್ರೆ ಅಪ್ಪನ್ನ ಎಲ್ಲಿ ಇಡ್ಲಿ?" ಎಂದಳು ಕೊನೆಗೆ.

ಅಕ್ಕ ಇರುವುದು ಆ ಗುಂಡಿಯಲ್ಲಿ. ಅಕ್ಕನ ಜೊತೆ ಇರಬೇಕಾದರೆ ಅವರೂ ಅದೇ ಮುಚ್ಚಳದ ಕೆಳಗೆ ಹೋಗಬೇಕು. ಯಾವುದರಿಂದ ಅಕ್ಕನನ್ನು ಉಳಿಸು ಎಂದು ನನ್ನನ್ನು ಕಳಿಸಿದ್ದರೋ ಅಲ್ಲಿಗೇ. ಅದನ್ನೂ ನಾನೇ ಹೇಳಬೇಕಾಯಿತು, ಹೇಳಿದೆ. ಅವಳು ಫೋನ್ ಇಟ್ಟಳು.